ಅಡಿಪಾಯಕ್ಕೆ ಮೊದಲೇ ದಾರಿಯ ಮಾತಾಗಲಿ

ಊರಿಗೆ ಹೊಸ ಕಟ್ಟಡವೊಂದು ಬರುತ್ತದೆಂದರೆ ಎಲ್ಲರಿಗೂ ಒಂದು ಬಗೆಯ ಕುತೂಹಲ. ನಿನ್ನೆ ಮೊನ್ನೆಯವರೆಗೆ ತೆಂಗಿನ ತೋಟವೋ ಹಳೆಯ ಹಂಚಿನ ಮನೆಯೋ ಇದ್ದ ಜಾಗಕ್ಕೆ ಜೆಸಿಬಿ ಬರುತ್ತದೆ. ಸುತ್ತಲೂ ತಗಡಿನ ಬೇಲಿ ಏಳುತ್ತದೆ. ಅದರ ಮೇಲೆ ಬಣ್ಣದ ಬೋರ್ಡು. "ಎಷ್ಟು ಮಹಡಿಯಂತೆ?", "ಚದರ ಅಡಿಗೆ ಎಷ್ಟಂತೆ?", "ಕೆಳಗೆ ಸೂಪರ್ ಮಾರ್ಕೆಟ್ ಬರುತ್ತದಂತೆ ಹೌದೇ?" ಎಂಬ ಪ್ರಶ್ನೆಗಳು ನೆರೆಮನೆಯ ಜಗಲಿಯಿಂದ ಮದುವೆ ಮನೆಯ ಪಂಕ್ತಿಯ ತನಕ ಓಡಾಡುತ್ತವೆ. ಆದರೆ ಒಂದು ಪ್ರಶ್ನೆಯನ್ನು ಮಾತ್ರ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ: "ಅದರ ಗೇಟು ಎಲ್ಲಿಗೆ ಬರುತ್ತದೆ?"

ಈ ಪ್ರಶ್ನೆ ಏಳುವುದು ಎರಡು ಮೂರು ವರ್ಷ ಕಳೆದ ಮೇಲೆ. ಆಗ ಕಟ್ಟಡ ತುಂಬಿರುತ್ತದೆ. ಬೆಳಿಗ್ಗೆ ಏಳೂವರೆಗೆ ಮಕ್ಕಳು ಮದ್ರಸ ಮುಗಿಸಿ ಶಾಲೆಯ ಬಸ್ಸಿಗೆ ಓಡುವ ಹೊತ್ತಿನಲ್ಲೇ ಅಲ್ಲಿಂದ ಕಾರುಗಳು ಸಾಲಾಗಿ ಹೊರಬರುತ್ತವೆ. ಮೊದಲು ನಿರಾತಂಕವಾಗಿ ನಡೆಯುತ್ತಿದ್ದ ದಾರಿಯಲ್ಲಿ ಅಜ್ಜಿಯಂದಿರು ಗೋಡೆಗೆ ಒರಗಿ ನಿಲ್ಲಬೇಕಾಗುತ್ತದೆ. ಒಂದು ದಿನ ಯಾರಿಗೋ ಸ್ಕೂಟರು ಬಡಿಯುತ್ತದೆ. ಆಗ ಊರೆಲ್ಲ ಸೇರಿ ರಸ್ತೆ ತಡೆ ಮಾಡುತ್ತದೆ. ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಅಧಿಕಾರಿಗಳು ಬಂದು ಒಂದು ಹಂಪ್ ಹಾಕಿಸುವ ಭರವಸೆ ಕೊಟ್ಟು ಹೋಗುತ್ತಾರೆ. ಆದರೆ ಗೇಟು ಇದ್ದಲ್ಲೇ ಇರುತ್ತದೆ. ಕಾಂಕ್ರೀಟನ್ನು ಯಾರೂ ಸರಿಸಲಾರರು.

ಈ ತಿಂಗಳು ನಾವು ಮಾತಾಡಬೇಕಾದುದು ಇದನ್ನೇ. ಕಟ್ಟಡ ಇನ್ನೂ ಕಾಗದದ ಮೇಲೆ ಗೆರೆಯಾಗಿ ಇರುವಾಗ ನಮಗೆ ಮಾತಾಡಲು ಎಡೆ ಇದೆಯೇ? ಇದ್ದರೆ ಎಲ್ಲಿ? ಮನೆಯಲ್ಲಿರುವ ಒಬ್ಬ ತಾಯಿ, ನಿವೃತ್ತರಾದ ಒಬ್ಬ ಹಿರಿಯರು ಅಲ್ಲಿಗೆ ಹೋಗಿ ಏನು ಕೇಳಬೇಕು?

ಇದು ಸಣ್ಣ ವಿಷಯವಲ್ಲ

ಕೇಂದ್ರ ಸರಕಾರದ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಪ್ರಾಣ ಕಳಕೊಂಡರು. ಅವರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು. ಅಂದರೆ ದಿನವೊಂದಕ್ಕೆ ಸುಮಾರು 90 ಪಾದಚಾರಿಗಳು. ಸತ್ತವರಲ್ಲಿ ಅತಿ ದೊಡ್ಡ ಪಾಲು ದ್ವಿಚಕ್ರ ವಾಹನದಲ್ಲಿದ್ದವರದು, 74 ಸಾವಿರಕ್ಕೂ ಹೆಚ್ಚು. ಜಗತ್ತಿನಲ್ಲಿ 5ರಿಂದ 29 ವರ್ಷದ ಒಳಗಿನವರ ಸಾವಿಗೆ ರಸ್ತೆ ಅಪಘಾತವೇ ಮೊದಲ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳಿಗೆ ಲಸಿಕೆ ಹಾಕಿಸಲು ತಪ್ಪದ ನಾವು ಈ ಅಪಾಯವನ್ನು ಮಾತ್ರ ವಿಧಿಯ ಲೆಕ್ಕಕ್ಕೆ ಹಾಕಿಬಿಡುತ್ತೇವೆ.

ಇವೆಲ್ಲವೂ ಹೆದ್ದಾರಿಯ ಕಥೆ ಎಂದು ತಿಳಿಯಬೇಡಿ. ಒಂದು ಚಿಕ್ಕ ಲೆಕ್ಕ ಹಾಕಿ ನೋಡೋಣ. ನಿಮ್ಮ ಮನೆಯ ರಸ್ತೆಗೆ 120 ಮನೆಗಳ ಒಂದು ಅಪಾರ್ಟ್‌ಮೆಂಟ್ ಬರುತ್ತದೆ ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಏಳೂವರೆಯಿಂದ ಎಂಟೂವರೆಯ ಒಳಗೆ ಪ್ರತಿ ಮನೆಯಿಂದ ಒಂದೇ ಒಂದು ವಾಹನ ಹೊರಟರೂ ಗಂಟೆಗೆ 120 ವಾಹನಗಳಾದವು. ಅಂದರೆ ಅರ್ಧ ನಿಮಿಷಕ್ಕೊಂದು ವಾಹನ ಆ ಗೇಟನ್ನು ದಾಟುತ್ತದೆ. ಅದರ ಜೊತೆಗೆ ಶಾಲಾ ವ್ಯಾನು, ಹಾಲಿನವರು, ಪೇಪರಿನವರು, ಆನ್‌ಲೈನಿನಲ್ಲಿ ತರಿಸಿದ್ದನ್ನು ತಲುಪಿಸುವ ಹುಡುಗರ ಬೈಕುಗಳು. ಆ ಗೇಟಿನ ಮುಂದೆ ನಡೆದು ಹೋಗುವ ಮಗು ಪ್ರತಿದಿನ ಈ ಸಾಲನ್ನು ದಾಟಬೇಕು.

ಇನ್ನು ವೇಗದ ಮಾತು. ಗಂಟೆಗೆ 30 ಕಿ.ಮೀ. ವೇಗದಲ್ಲಿ ಬರುವ ಕಾರಿನ ಚಾಲಕ ಅಡ್ಡ ಬಂದ ಮಗುವನ್ನು ಕಂಡು ಬ್ರೇಕ್ ಒತ್ತಿ ನಿಲ್ಲುವಾಗ ಕಾರು ಸುಮಾರು 13 ಮೀಟರ್ ಮುಂದೆ ಬಂದಿರುತ್ತದೆ. ವೇಗ 50 ಆದರೆ ಅದು ಸುಮಾರು 28 ಮೀಟರ್. ಇದು ಒಣಗಿದ ರಸ್ತೆಯ ಲೆಕ್ಕ. ನಮ್ಮ ಕರಾವಳಿಯ ಜೂನ್-ಜುಲೈ ತಿಂಗಳ ರಸ್ತೆಯನ್ನು ನೀವೇ ಊಹಿಸಿಕೊಳ್ಳಿ. ವೇಗ 50ರಿಂದ 65ಕ್ಕೆ ಏರಿದರೆ ಕಾರು ಬಡಿದ ಪಾದಚಾರಿ ಸಾಯುವ ಸಂಭವ ನಾಲ್ಕೂವರೆ ಪಟ್ಟು ಹೆಚ್ಚುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಆದ್ದರಿಂದಲೇ 2020ರ ಸ್ಟಾಕ್‌ಹೋಮ್ ಘೋಷಣೆಯು, ಜನರೂ ವಾಹನಗಳೂ ಬೆರೆಯುವ ಬೀದಿಗಳಲ್ಲಿ ವೇಗ 30 ಕಿ.ಮೀ. ಮೀರಬಾರದು ಎಂದು ಕರೆ ಕೊಟ್ಟಿತು. ಹೊಸ ಕಟ್ಟಡದ ನೆಪದಲ್ಲಿ ಓಣಿಯಂಥ ರಸ್ತೆಯನ್ನು ಅಗಲ ಮಾಡಿ, ನುಣುಪಾದ ಕಾಂಕ್ರೀಟ್ ಹಾಕಿ, ಫುಟ್‌ಪಾತನ್ನು ಮರೆತುಬಿಟ್ಟರೆ ವೇಗ ತಾನಾಗಿಯೇ ಏರುತ್ತದೆ. ರಸ್ತೆ ಒಳ್ಳೆಯದಾಯಿತು ಎಂದು ನಾವು ಹೊಗಳುತ್ತೇವೆ. ನಡೆಯುವವರ ಪಾಲಿಗೆ ಅದು ಕೆಟ್ಟಿರುತ್ತದೆ.

ಆಮೇಲೆ ಸರಿಪಡಿಸೋಣ ಎಂದರೆ ಅದಕ್ಕೆ ಎಷ್ಟು ಕಾಲ ಬೇಕು? ಮಂಗಳೂರಿನ ಪಂಪ್‌ವೆಲ್ ಫ್ಲೈಓವರನ್ನು ನೆನಪಿಸಿಕೊಳ್ಳಿ. ಸುಮಾರು ಹತ್ತು ವರ್ಷ ಎಳೆದಾಡಿ 2020ರ ಜನವರಿ 31ರಂದು ಅದು ಸಂಚಾರಕ್ಕೆ ತೆರೆಯಿತು. ಎರಡು ರಾಷ್ಟ್ರೀಯ ಹೆದ್ದಾರಿಗಳ ವಾಹನಗಳು ಬಂದು ಸೇರುವ ಜಾಗಕ್ಕೇ ಇಷ್ಟು ಕಾಲ ಹಿಡಿದರೆ ನಿಮ್ಮ ವಾರ್ಡಿನ ಒಳರಸ್ತೆಯ ಗತಿ ಏನು?

ಕಾನೂನು ಎಲ್ಲೆಲ್ಲಿ ಬಾಗಿಲು ತೆರೆದಿಟ್ಟಿದೆ?

ನಮ್ಮ ರಾಜ್ಯದಲ್ಲಿ ಊರು ಹೇಗೆ ಬೆಳೆಯಬೇಕೆಂದು ತೀರ್ಮಾನಿಸುವುದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ. ಮಂಗಳೂರಿನಂಥ ನಗರಗಳಲ್ಲಿ ಆ ಕೆಲಸ ನಗರಾಭಿವೃದ್ಧಿ ಪ್ರಾಧಿಕಾರದ್ದು. ಜನ ಅದನ್ನು 'ಮುಡಾ' ಎನ್ನುತ್ತಾರೆ. ಕಟ್ಟಡದ ಲೈಸನ್ಸ್ ಕೊಡುವುದು ಪಾಲಿಕೆ, ಪುರಸಭೆ ಅಥವಾ ಪಂಚಾಯತು. ಈ ಎರಡು ಕಚೇರಿಗಳ ವ್ಯತ್ಯಾಸ ತಿಳಿದಿದ್ದರೆ ನಿಮ್ಮ ಅರ್ಧ ಅಲೆದಾಟ ತಪ್ಪುತ್ತದೆ.

ಮೊದಲನೆಯ ಬಾಗಿಲು ಮಾಸ್ಟರ್ ಪ್ಲಾನ್. ಯಾವ ಜಾಗ ವಾಸಕ್ಕೆ, ಯಾವುದು ವ್ಯಾಪಾರಕ್ಕೆ, ಯಾವ ರಸ್ತೆ ಮುಂದೆ ಎಷ್ಟು ಅಗಲವಾಗಬೇಕು ಎಂಬುದೆಲ್ಲ ಇದರಲ್ಲಿರುತ್ತದೆ. ಹತ್ತು ವರ್ಷಕ್ಕೊಮ್ಮೆಯಾದರೂ ಇದನ್ನು ಪರಿಷ್ಕರಿಸಬೇಕೆಂದು ಕಾಯ್ದೆ ಹೇಳುತ್ತದೆ. ಕರಡು ಪ್ರಕಟವಾದ ಮೇಲೆ ಸಾರ್ವಜನಿಕರು 60 ದಿನಗಳ ಒಳಗೆ ಬರಹದಲ್ಲಿ ಅಭಿಪ್ರಾಯ ತಿಳಿಸಬಹುದು. ಪ್ರಾಧಿಕಾರ ಅದನ್ನು ಪರಿಶೀಲಿಸಲೇಬೇಕು. ನಕ್ಷೆ ನೋಡಲು ಇಂಜಿನಿಯರಿಂಗ್ ಓದಿರಬೇಕಾಗಿಲ್ಲ. ಸಾಮಾನ್ಯವಾಗಿ ಹಳದಿ ಬಣ್ಣ ವಸತಿಗೆ, ನೀಲಿ ವಾಣಿಜ್ಯಕ್ಕೆ, ಹಸಿರು ಉದ್ಯಾನಕ್ಕೆ. ಮೂಲೆಯಲ್ಲಿ ಬಣ್ಣಗಳ ವಿವರವೂ ಇರುತ್ತದೆ. ನಿಮ್ಮ ಮಸೀದಿ, ಶಾಲೆ, ಮನೆಯನ್ನು ಗುರುತಿಸಿ, ನಡುವಿನ ದಾರಿಯ ಬಣ್ಣ ಏನಾಗಿದೆ ನೋಡಿ.

ಎರಡನೆಯ ಬಾಗಿಲು ಭೂ ಉಪಯೋಗದ ಬದಲಾವಣೆ. ವಸತಿ ಎಂದು ಗುರುತಿಸಿದ ಜಾಗದಲ್ಲಿ ಮಾಲ್, ಗೋದಾಮು ಅಥವಾ ಕಲ್ಯಾಣ ಮಂಟಪ ಕಟ್ಟಲು ಮಾಸ್ಟರ್ ಪ್ಲಾನಿನಲ್ಲೇ ಬದಲಾವಣೆ ಬೇಕಾದರೆ, ಆ ಪ್ರಸ್ತಾವವನ್ನು ದಿನಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಕೇಳಬೇಕು ಎಂದು ಇದೇ ಕಾಯ್ದೆಯ 14-ಎ ಕಲಮು ಹೇಳುತ್ತದೆ. ಅದಕ್ಕೆ ಕನಿಷ್ಠ 15 ದಿನಗಳ ಅವಧಿ. ಈ ಪ್ರಕಟಣೆಗಳು ಪತ್ರಿಕೆಯ ಒಳಪುಟದ ಮೂಲೆಯಲ್ಲಿ, ಸರ್ವೆ ನಂಬರುಗಳ ನಡುವೆ ಇರುವೆಯಂಥ ಅಕ್ಷರದಲ್ಲಿ ಬರುತ್ತವೆ. ಯಾರೂ ಓದುವುದಿಲ್ಲ. ಮನೆಯಲ್ಲಿ ನಿವೃತ್ತರಾದ ಹಿರಿಯರಿದ್ದರೆ ಈ ಕೆಲಸವನ್ನು ಅವರಿಗೇ ಒಪ್ಪಿಸಿ. ನಿಮ್ಮ ಗ್ರಾಮದ ಹೆಸರು ಕಂಡರೆ ಆ ತುಂಡನ್ನು ಕತ್ತರಿಸಿ ಇಡಲಿ. ಕೊನೆಯ ದಿನಾಂಕಕ್ಕೆ ಕೆಂಪು ಗೆರೆ ಹಾಕಲಿ.

ಮೂರನೆಯದು ಪರಿಸರ ಅನುಮತಿ. 2006ರ ಸೆಪ್ಟೆಂಬರ್ 14ರ ಕೇಂದ್ರ ಅಧಿಸೂಚನೆಯಂತೆ 20,000 ಚದರ ಮೀಟರ್ ಅಥವಾ ಅದಕ್ಕಿಂತ ಹೆಚ್ಚು ವಿಸ್ತೀರ್ಣದ ಕಟ್ಟಡಕ್ಕೆ ಮೊದಲೇ ಪರಿಸರ ಅನುಮತಿ ಬೇಕು. ಅದರ ಅರ್ಜಿ ನಮೂನೆಯಲ್ಲಿ ಕಟ್ಟುವವರು ಉತ್ತರಿಸಬೇಕಾದ ಪ್ರಶ್ನೆಗಳಿವೆ: ವಾಹನ ನಿಲುಗಡೆಗೆ ಕೊರತೆಯಾಗುವುದೇ? ಈಗಿರುವ ಸಾರಿಗೆ ವ್ಯವಸ್ಥೆ ಹೇಗಿದೆ? ಒಳಬರುವ, ಹೊರಹೋಗುವ ದಾರಿಯಲ್ಲಿ ಸಂಚಾರವನ್ನು ಹೇಗೆ ನಿಭಾಯಿಸುತ್ತೀರಿ? ನಡೆಯುವವರಿಗೆ ದಾರಿ ಎಷ್ಟು? ಪ್ರಶ್ನೆಗಳು ಚೆನ್ನಾಗಿಯೇ ಇವೆ. ಆದರೆ ಕಾರ್ಖಾನೆ, ಗಣಿಗಳ ವಿಷಯದಲ್ಲಿ ನಡೆಯುವ ಸಾರ್ವಜನಿಕ ಅಹವಾಲು ಸಭೆ ಕಟ್ಟಡ ಯೋಜನೆಗಳಿಗೆ ಇಲ್ಲ. ಅಧಿಸೂಚನೆಯೇ ಅವುಗಳಿಗೆ ಅದರಿಂದ ವಿನಾಯಿತಿ ಕೊಟ್ಟಿದೆ. ಕಟ್ಟುವವರು ತಾವೇ ಬರೆದುಕೊಟ್ಟ ಉತ್ತರವನ್ನು ಆ ರಸ್ತೆಯಲ್ಲಿ ದಿನವೂ ನಡೆಯುವವರಿಗೆ ತೋರಿಸಿ, "ಇದು ನಿಜವೇ?" ಎಂದು ಕೇಳುವ ಹಂತವೇ ಇಲ್ಲ.

20,000 ಚದರ ಮೀಟರಿಗಿಂತ ಚಿಕ್ಕದಾದ, ಮಾಸ್ಟರ್ ಪ್ಲಾನಿಗೆ ಸರಿಹೊಂದುವ ಕಟ್ಟಡವಾದರೆ ಅದೂ ಇಲ್ಲ. ಲೈಸನ್ಸ್ ಆಗುವುದು ಕಚೇರಿಯ ನಾಲ್ಕು ಗೋಡೆಗಳ ಒಳಗೆ. ಇಂಗ್ಲೆಂಡಿನಲ್ಲಿ ಹೊಸ ಕಟ್ಟಡಕ್ಕೆ ಅರ್ಜಿ ಬಿದ್ದರೆ ಆ ಸ್ಥಳದಲ್ಲೇ ನೋಟೀಸ್ ಅಂಟಿಸುತ್ತಾರೆ, ಇಲ್ಲವೇ ನೆರೆಯವರಿಗೆ ಪತ್ರ ಬರೆಯುತ್ತಾರೆ. ಸಾಮಾನ್ಯವಾಗಿ 21 ದಿನಗಳ ಕಾಲ ಯಾರು ಬೇಕಾದರೂ ಅಭಿಪ್ರಾಯ ಬರೆಯಬಹುದು. ರಸ್ತೆಯ ಸುರಕ್ಷತೆಗೆ ಒಪ್ಪಲಾಗದ ಧಕ್ಕೆ ಬರುತ್ತದೆಂದು ಕಂಡರೆ ಅದೇ ಕಾರಣಕ್ಕೆ ಅನುಮತಿ ನಿರಾಕರಿಸಬಹುದು. ಇದು ನಮ್ಮಲ್ಲಿಯೂ ಬರಬೇಕಾದ ಪದ್ಧತಿ. ಚುನಾವಣೆಯ ಹೊತ್ತಿಗೆ ಮನೆಗೆ ಬರುವವರ ಮುಂದೆ ಇಡಬೇಕಾದ ಬೇಡಿಕೆಯೂ ಹೌದು.

ಆ ಪದ್ಧತಿ ಬರುವ ತನಕ ಸುಮ್ಮನಿರಬೇಕೇ? ಬೇಕಾಗಿಲ್ಲ. ಲೈಸನ್ಸ್ ಕೊಡುವ ಮೊದಲೇ ಪಾಲಿಕೆಯ ಆಯುಕ್ತರಿಗೋ ಪಂಚಾಯತಿಗೋ ಮನವಿ ಕೊಡಲು ಯಾವ ಅಡ್ಡಿಯೂ ಇಲ್ಲ. ಅದರ ಪ್ರತಿಯನ್ನು ಪ್ರಾಧಿಕಾರಕ್ಕೂ ಸಂಚಾರ ಪೊಲೀಸರಿಗೂ ಕಳುಹಿಸಬಹುದು. ಯಾವ ಷರತ್ತಿನ ಮೇಲೆ ಲೈಸನ್ಸ್ ಕೊಟ್ಟಿದ್ದಾರೆ ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, 150 ಪದ ಮೀರಬಾರದು. 30 ದಿನಗಳ ಒಳಗೆ ಉತ್ತರ ಬರಬೇಕು.

ಏನನ್ನು ನೋಡಬೇಕು?

"ನಮಗೇನು ಗೊತ್ತಾಗುತ್ತದೆ, ಅದೆಲ್ಲಾ ಗಂಡಸರ ವಿಷಯ" ಎಂದು ಅನೇಕ ಸಹೋದರಿಯರು ಹೇಳುವುದುಂಟು. ನಿಜ ಹೇಳಬೇಕೆಂದರೆ ಆ ರಸ್ತೆಯನ್ನು ನಿಮ್ಮಷ್ಟು ಬಲ್ಲವರು ಯಾರೂ ಇಲ್ಲ. ಗಂಡಸರು ಬೈಕಿನಲ್ಲಿ ಹಾದು ಹೋಗುತ್ತಾರೆ. ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಚೀಲ ಹಿಡಿದು ನಡೆಯುವವರು ನೀವು. ಯಾವ ಚರಂಡಿಯ ಚಪ್ಪಡಿ ಮುರಿದಿದೆ, ಯಾವ ತಿರುವಿನಲ್ಲಿ ಬಸ್ಸು ಹಾರ್ನ್ ಹಾಕದೆ ಬರುತ್ತದೆ ಎಂಬುದು ನಿಮಗೆ ಗೊತ್ತು. ಅದನ್ನೇ ಬರಹಕ್ಕೆ ಇಳಿಸಬೇಕು. ನೋಡಬೇಕಾದ ವಿಷಯಗಳು ಇವು:

ಗೇಟು ಎಲ್ಲಿದೆ? ತಿರುವಿನಲ್ಲೋ, ಬಸ್‌ಸ್ಟಾಪಿನ ಪಕ್ಕದಲ್ಲೋ, ಶಾಲೆಯ ಎದುರಿನಲ್ಲೋ? ಜಾಗಕ್ಕೆ ಎರಡು ಕಡೆ ರಸ್ತೆಯಿದ್ದರೆ ಕಡಿಮೆ ಜನ ನಡೆಯುವ ಕಡೆಗೆ ಗೇಟು ಇಡಬಹುದಲ್ಲವೇ? ಗೇಟಿನ ಅಕ್ಕಪಕ್ಕದ ಆವರಣ ಗೋಡೆ ಎತ್ತರವಾಗಿದ್ದರೆ ಹೊರಬರುವ ಚಾಲಕನಿಗೆ ನಡೆಯುವವರು ಕಾಣುವುದೇ ಇಲ್ಲ.

ನೆಲಮಾಳಿಗೆಯ ಇಳಿಜಾರು ಹೇಗಿದೆ? ನಮ್ಮ ಕರಾವಳಿಯ ಗುಡ್ಡದ ಊರುಗಳಲ್ಲಿ ಇದು ಬಹಳ ಮುಖ್ಯ. ಬೇಸ್‌ಮೆಂಟಿನಿಂದ ಏರಿ ಬರುವ ಕಾರಿನ ಚಾಲಕನಿಗೆ ಕಾಣುವುದು ಬರೀ ಆಕಾಶ. ಇಳಿಜಾರು ನೇರವಾಗಿ ರಸ್ತೆಯ ಅಂಚಿಗೆ ಬಂದು ಮುಟ್ಟಿದರೆ ಎದುರಿಗಿದ್ದ ಮಗು ಕಾಣುವಾಗ ತಡವಾಗಿರುತ್ತದೆ. ಗೇಟಿನ ಒಳಗೆ ಒಂದು ಕಾರಿನ ಉದ್ದದಷ್ಟಾದರೂ ಸಮತಟ್ಟು ಜಾಗ ಬೇಕು.

ರಸ್ತೆ ನಿಜವಾಗಿ ಎಷ್ಟು ಅಗಲವಿದೆ? ಕಟ್ಟಡ ಎಷ್ಟು ದೊಡ್ಡದಾಗಬಹುದು ಎಂಬುದು ಅದರ ಮುಂದಿನ ರಸ್ತೆಯ ಅಗಲವನ್ನೂ ಅವಲಂಬಿಸಿದೆ. ಹೀಗಾಗಿ ನಕ್ಷೆಯಲ್ಲಿ ಬರೆದ ಅಗಲ ಈಗ ನೆಲದ ಮೇಲೆ ಇದೆಯೋ, ಮುಂದೆಂದೋ ಆಗಲಿರುವುದೋ ಎಂದು ಕೇಳಲೇಬೇಕು. ಟೇಪು ಹಿಡಿದು ಅಳೆಯಿರಿ. ಮೂರು ಕಡೆ ಅಳೆದು ಬರೆದಿಡಿ.

ನಡೆಯಲು ದಾರಿ ಉಳಿಯುತ್ತದೆಯೇ? ವಸತಿ ಪ್ರದೇಶದಲ್ಲಿ ಫುಟ್‌ಪಾತ್ ಕನಿಷ್ಠ 1.8 ಮೀಟರ್ ಅಗಲವಿರಬೇಕು, ವಾಣಿಜ್ಯ ಪ್ರದೇಶದಲ್ಲಿ 2.5 ಮೀಟರ್ ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಹೇಳಿದೆ. ನಮ್ಮಲ್ಲಿ ಚರಂಡಿಯ ಚಪ್ಪಡಿಯೇ ಫುಟ್‌ಪಾತ್. ಹೊಸ ಗೇಟಿಗಾಗಿ ಅದನ್ನು ಒಡೆದು ಇಳಿಜಾರು ಮಾಡುತ್ತಾರೆ. ಆಗ ವೃದ್ಧರೂ ಗಾಲಿಕುರ್ಚಿಯವರೂ ರಸ್ತೆಗಿಳಿಯಬೇಕಾಗುತ್ತದೆ. ಪಾದಚಾರಿಗಳಿಗೆ ಸರಿಯಾದ ಫುಟ್‌ಪಾತ್ ಇರುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದನ್ನು ನಿಮ್ಮ ಮನವಿಯಲ್ಲಿ ಕಾಣಿಸಿರಿ.

ಪಾರ್ಕಿಂಗ್ ಯಾರಿಗೆ? ಮನೆಯವರಿಗಷ್ಟೇ ಅಲ್ಲ, ಬಂದು ಹೋಗುವವರಿಗೂ ಶಾಲಾ ವ್ಯಾನಿಗೂ ಒಳಗೆ ಜಾಗವಿದೆಯೇ? ನಕ್ಷೆಯಲ್ಲಿ ಪಾರ್ಕಿಂಗ್ ಎಂದು ತೋರಿಸಿದ ನೆಲಮಾಳಿಗೆ ಆಮೇಲೆ ಗೋದಾಮೋ ಅಂಗಡಿಯೋ ಆಗುವುದನ್ನು ನಾವೆಲ್ಲ ಕಂಡಿದ್ದೇವೆ.

ಹೆದ್ದಾರಿಗೆ ಬಾಗಿಲು ತೆರೆಯುತ್ತದೆಯೇ? ರಾಷ್ಟ್ರೀಯ ಹೆದ್ದಾರಿಗೆ ನೇರವಾಗಿ ದಾರಿ ಮಾಡಿಕೊಳ್ಳಲು ಹೆದ್ದಾರಿ ಅಧಿಕಾರಿಗಳ ಪ್ರತ್ಯೇಕ ಅನುಮತಿ ಬೇಕು. ಸರ್ವಿಸ್ ರಸ್ತೆ ಇಲ್ಲದ ಕಡೆ ಹೋಟೆಲು, ಮಂಟಪಗಳು ಬಂದರೆ ಜನ ವಿರುದ್ಧ ದಿಕ್ಕಿನಲ್ಲಿ ಬರತೊಡಗುತ್ತಾರೆ. ಹೆದ್ದಾರಿ 66ರ ಬದಿಯಲ್ಲಿ ವಾಸಿಸುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕೆಲಸ ನಡೆಯುವ ಕಾಲ

ಕಟ್ಟಡ ಮುಗಿದ ಮೇಲಿನ ತೊಂದರೆ ಒಂದು ಬಗೆಯಾದರೆ, ಕೆಲಸ ನಡೆಯುವ ಎರಡು ಮೂರು ವರ್ಷಗಳ ಅಪಾಯ ಇನ್ನೊಂದು ಬಗೆ. ಗುಡ್ಡ ಕಡಿದ ಕೆಂಪು ಮಣ್ಣು ಟಿಪ್ಪರಿನಿಂದ ರಸ್ತೆಗೆ ಚೆಲ್ಲುತ್ತದೆ. ಒಂದು ಮಳೆ ಬಿದ್ದರೆ ಅದು ಎಣ್ಣೆಯಂತೆ ಜಾರುತ್ತದೆ. ಜಲ್ಲಿ, ಮರಳಿನ ರಾಶಿ ರಸ್ತೆಯ ಅರ್ಧ ನುಂಗುತ್ತದೆ. ಮಗುವನ್ನು ಮುಂದೆ ನಿಲ್ಲಿಸಿಕೊಂಡು ಸ್ಕೂಟರಿನಲ್ಲಿ ಹೋಗುವ ತಾಯಂದಿರಿಗೆ ಇದಕ್ಕಿಂತ ದೊಡ್ಡ ಗಂಡಾಂತರವಿಲ್ಲ.

ಇದಕ್ಕೆ ಪರಿಹಾರ ಬಹಳ ಸುಲಭ. ಟಿಪ್ಪರಿಗೆ ಟಾರ್ಪಾಲು ಮುಚ್ಚಬೇಕು. ಹೊರಬರುವಾಗ ಚಕ್ರ ತೊಳೆಯಬೇಕು. ಸಾಮಗ್ರಿಗಳನ್ನು ಒಳಗೇ ಇಳಿಸಬೇಕು. ಗೇಟಿನಲ್ಲಿ ಒಬ್ಬ ಕಾವಲುಗಾರ ನಿಂತು ವಾಹನಗಳಿಗೆ ದಾರಿ ತೋರಿಸಬೇಕು. ಶಾಲೆಯ ಹೊತ್ತಿನಲ್ಲಿ ದೊಡ್ಡ ಲಾರಿಗಳು ಬರಬಾರದು. ಇಂಥ ಹೊತ್ತಿನಲ್ಲಿ ಇಂಥ ರಸ್ತೆಗೆ ಘನ ವಾಹನ ಬರಬಾರದೆಂದು ನಿರ್ಬಂಧಿಸಲು ಮೋಟಾರು ವಾಹನ ಕಾಯ್ದೆಯ 115ನೇ ಕಲಮಿನಲ್ಲಿ ಅವಕಾಶವಿದೆ. ಜಿಲ್ಲಾಧಿಕಾರಿಗಳಿಗೋ ಪೊಲೀಸ್ ಆಯುಕ್ತರಿಗೋ ಹತ್ತು ಮನೆಯವರು ಸಹಿ ಹಾಕಿ ಕೇಳಬಹುದು.

ಹೇಗೆ ಬರೆಯಬೇಕು?

ಮನವಿಯಲ್ಲಿ ಆವೇಶ ಬೇಡ. "ಇದರಿಂದ ನಮಗೆ ತುಂಬಾ ತೊಂದರೆಯಾಗುತ್ತದೆ" ಎಂದು ಬರೆದರೆ ಕಡತದಲ್ಲಿ ಒಂದು ಕಾಗದ ಹೆಚ್ಚುತ್ತದೆ ಅಷ್ಟೆ. ಅಂಕೆ ಇದ್ದರೆ ಅಧಿಕಾರಿ ಉತ್ತರಿಸಬೇಕಾಗುತ್ತದೆ. ಒಂದು ವಾರ ಬೆಳಿಗ್ಗೆ ಏಳೂವರೆಯಿಂದ ಒಂಬತ್ತರವರೆಗೆ, ಸಂಜೆ ನಾಲ್ಕರಿಂದ ಐದರವರೆಗೆ ಎಷ್ಟು ಮಕ್ಕಳು ಆ ಜಾಗವನ್ನು ದಾಟುತ್ತಾರೆ, ಎಷ್ಟು ವಾಹನಗಳು ಹೋಗುತ್ತವೆ ಎಂದು ಎಣಿಸಿ. ಹೈಸ್ಕೂಲಿನ ಮಕ್ಕಳಿಗೆ ಕೊಟ್ಟರೆ ಖುಷಿಯಿಂದ ಮಾಡುತ್ತಾರೆ. ಎಣಿಸುವುದು ಮಾತ್ರ ಅಂಗಳದ ಒಳಗಿನಿಂದ ಆಗಲಿ.

ಆ ಮೇಲೆ ಹೀಗೆ ಬರೆಯಬಹುದು:

"ಮಾನ್ಯರೇ, ನಮ್ಮ ರಸ್ತೆಯ ಇಂಥ ಸರ್ವೆ ನಂಬರಿನ ಜಾಗದಲ್ಲಿ ಕಟ್ಟಡ ಬರಲಿದೆಯೆಂದು ತಿಳಿದಿದ್ದೇವೆ. ಕಟ್ಟಡಕ್ಕೆ ನಮ್ಮ ವಿರೋಧವಿಲ್ಲ. ಈ ರಸ್ತೆ ಇಂಥಲ್ಲಿ ಇಷ್ಟು ಮೀಟರ್ ಮಾತ್ರ ಅಗಲವಿದೆ. ಬೆಳಿಗ್ಗೆ ಇಷ್ಟು ಮಕ್ಕಳು ಇಲ್ಲಿ ನಡೆದು ಹೋಗುತ್ತಾರೆ. ಗೇಟನ್ನು ತಿರುವಿನಿಂದ ಆಚೆಗೆ ಇಡುವುದು, ಫುಟ್‌ಪಾತನ್ನು ಮುರಿಯದೆ ಮುಂದುವರಿಸುವುದು, ಶಾಲಾ ವ್ಯಾನಿಗೆ ಒಳಗೆ ಜಾಗ ಕೊಡುವುದು, ಶಾಲೆಯ ಹೊತ್ತಿನಲ್ಲಿ ಲಾರಿಗಳನ್ನು ತಡೆಯುವುದು, ಈ ನಾಲ್ಕನ್ನು ಲೈಸನ್ಸಿನ ಷರತ್ತಾಗಿ ಸೇರಿಸಬೇಕೆಂದು ವಿನಂತಿ."

ಇಷ್ಟೇ ಸಾಕು. ಎರಡು ಪ್ರತಿ ಕೊಂಡೊಯ್ದು ಒಂದರ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಮೊಹರಿಲ್ಲದ ಅರ್ಜಿ ಕೊಡದ ಅರ್ಜಿಗೆ ಸಮಾನ.

ಒಮ್ಮೆ ಬರೆದ ಷರತ್ತು ಕಟ್ಟಡ ಮುಗಿಯುವಾಗಲೂ ನೆರವಿಗೆ ಬರುತ್ತದೆ. ವಾಸಕ್ಕೆ ಅನುಮತಿ ಕೊಡುವ ಪತ್ರಕ್ಕೆ ಮೊದಲು ಕಟ್ಟಡ ಮಂಜೂರಾದ ನಕ್ಷೆಯಂತೆ ಇದೆಯೇ ಎಂದು ಪರಿಶೀಲಿಸಬೇಕು. ಆ ಪತ್ರವಿಲ್ಲದೆ ವಿದ್ಯುತ್, ನೀರಿನ ಸಂಪರ್ಕ ಕೊಡಕೂಡದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ನಿರ್ದೇಶಿಸಿದೆ. ಹೊಸದಾಗಿ ಫ್ಲ್ಯಾಟ್ ಕೊಳ್ಳುವವರೂ ಇದನ್ನು ಗಮನಿಸಬೇಕು. ಗಲ್ಫಿನಲ್ಲಿ ವರ್ಷಗಟ್ಟಲೆ ದುಡಿದು ಉಳಿಸಿದ ಹಣ ಕೊಡುವಾಗ ಅಡುಗೆ ಮನೆಯ ಟೈಲ್ಸನ್ನಷ್ಟೇ ಅಲ್ಲ, ಮಕ್ಕಳು ಗೇಟಿನಿಂದ ಹೊರಗೆ ಕಾಲಿಡುವ ಜಾಗವನ್ನೂ ನೋಡಿ ಬನ್ನಿ.

ನಮ್ಮವರದೇ ಕಟ್ಟಡವಾದರೆ?

ಕಷ್ಟದ ಮಾತು ಇಲ್ಲಿದೆ. ಕಟ್ಟುವವರು ಎಲ್ಲಿಂದಲೋ ಬಂದವರಾದರೆ ಬರೆಯುವುದು ಸುಲಭ. ಆದರೆ ಅವರು ಮಾವನ ಮಗನೋ ಜಮಾಅತಿನ ಹಿರಿಯರೋ ಆಗಿದ್ದರೆ? "ನಮ್ಮವರ ಮೇಲೆಯೇ ಅರ್ಜಿ ಕೊಟ್ಟರು" ಎಂಬ ಮಾತು ಬರುತ್ತದೆಂದು ಎಷ್ಟೋ ಮಂದಿ ಸುಮ್ಮನಾಗುತ್ತಾರೆ. ಇಂಥಲ್ಲಿ ಅರ್ಜಿಗೆ ಮೊದಲು ಮನೆಗೇ ಹೋಗಿ ಮಾತಾಡಿ. "ಕಾಕಾ, ಗೇಟು ಹತ್ತು ಮೀಟರ್ ಆಚೆಗೆ ಸರಿದರೆ ನಿಮ್ಮ ಮೊಮ್ಮಕ್ಕಳಿಗೂ ಒಳ್ಳೆಯದು" ಎಂದರೆ ಹೆಚ್ಚಿನವರು ಕೇಳುತ್ತಾರೆ. ನಕ್ಷೆಯ ಹಂತದಲ್ಲಿ ಗೆರೆ ಸರಿಸಲು ಅವರಿಗೆ ಹೆಚ್ಚಿನ ಖರ್ಚೂ ಇಲ್ಲ. ಕೇಳದಿದ್ದರೆ ಅರ್ಜಿ ಇದ್ದೇ ಇದೆ. ಸಂಬಂಧ ಉಳಿಸಲು ಸುಮ್ಮನಿದ್ದು ಒಂದು ಮಗುವನ್ನು ಕಳಕೊಂಡರೆ ಆ ಸಂಬಂಧವೂ ಉಳಿಯುವುದಿಲ್ಲ.

ನಮ್ಮ ಮದುವೆ ಹಾಲ್‌ಗಳನ್ನೂ ಈ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸಾವಿರ ಮಂದಿಗೆ ಊಟ ಹಾಕುವ ಹಾಲ್‌ಗೆ ಮೂವತ್ತು ಕಾರು ನಿಲ್ಲುವ ಜಾಗ. ಉಳಿದವು ರಸ್ತೆಯ ಎರಡೂ ಬದಿಗೆ. ಆ ದಿನ ಆ ದಾರಿಯಲ್ಲಿ ಆಂಬುಲೆನ್ಸ್ ಹೋಗಬೇಕಾದರೆ? ದಾರಿಯಲ್ಲಿ ಬಿದ್ದ ಮುಳ್ಳನ್ನು ಸರಿಸುವುದೂ ಪುಣ್ಯದ ಕೆಲಸವೆಂದು ಮಕ್ಕಳಿಗೆ ಕಲಿಸುವ ನಾವು, ನಾವೇ ದಾರಿಯಲ್ಲಿ ಮುಳ್ಳಾಗಬಾರದು. ಮಸೀದಿ, ಶಾಲೆ, ಹಾಲ್ ಯಾವುದನ್ನೇ ಕಟ್ಟುವಾಗಲೂ ಸಮಿತಿಯವರು ಪಾರ್ಕಿಂಗ್ ಮತ್ತು ಗೇಟಿನ ನಕ್ಷೆಯನ್ನು ನೆರೆಕರೆಯವರಿಗೆ, ಎಲ್ಲ ಧರ್ಮದವರಿಗೂ ಮೊದಲೇ ತೋರಿಸಿದರೆ ಎಷ್ಟೋ ಮನಸ್ತಾಪಗಳು ಹುಟ್ಟುವುದೇ ಇಲ್ಲ.

ಇದರ ಇನ್ನೊಂದು ಮುಖವೂ ಇದೆ. ವಾಹನದ ನೆಪ ಹೇಳಿ, ಬರುವ ಜನರನ್ನು ತಡೆಯುವ ಅರ್ಜಿಗಳೂ ಇರುತ್ತವೆ. ಕೂಲಿಯವರ ವಸತಿ ಬೇಡ, ಹಾಸ್ಟೆಲ್ ಬೇಡ, ಇಂಥವರ ಪ್ರಾರ್ಥನಾ ಮಂದಿರ ಬೇಡ ಎಂಬ ಮನಸ್ಸು 'ಟ್ರಾಫಿಕ್ ಸಮಸ್ಯೆ' ಎಂಬ ಅಂಗಿ ತೊಟ್ಟು ಬರುತ್ತದೆ. ಅದರ ಕಹಿಯನ್ನು ಬಲ್ಲ ನಾವು ಅದನ್ನು ಇನ್ನೊಬ್ಬರ ಮೇಲೆ ಪ್ರಯೋಗಿಸಕೂಡದು. ಗುರುತಿಸುವುದು ಸುಲಭ: ಗೇಟು ಸರಿಸಿದರೆ, ಪಾರ್ಕಿಂಗ್ ಕೊಟ್ಟರೆ ಆಕ್ಷೇಪ ಮುಗಿಯುತ್ತದೆಯೇ? ಮುಗಿಯುವುದಾದರೆ ಅದು ದಾರಿಯ ಕಾಳಜಿ. ಮುಗಿಯದಿದ್ದರೆ ಅದು ಬೇರೇನೋ. ಜನರಿಗೆ ಮನೆ ಬೇಕು. ಊರು ಬೆಳೆಯಬೇಕು. ಬೆಳೆಯುವಾಗ ನಡೆಯುವವರಿಗೆ ದಾರಿ ಬಿಟ್ಟು ಬೆಳೆಯಲಿ ಎನ್ನುವುದಷ್ಟೇ ನಮ್ಮ ಕೋರಿಕೆ.

ಈ ವಾರ ಒಂದು ಕೆಲಸ ಮಾಡಿ. ಮನೆಯಿಂದ ಮಕ್ಕಳ ಶಾಲೆಯ ತನಕ ನಡೆದು ಹೋಗಿ. ದಾರಿಯಲ್ಲಿ ಎಷ್ಟು ತಗಡಿನ ಬೇಲಿಗಳಿವೆ, ಎಷ್ಟು ಜಾಗಗಳಲ್ಲಿ 'ಮಾರಾಟಕ್ಕಿದೆ' ಬೋರ್ಡ್ ಇದೆ ಎಂದು ನೋಡಿ. ಅವೇ ನಾಳಿನ ಗೇಟುಗಳು. ಅಂಥ ಒಂದನ್ನು ಆರಿಸಿ, ಅದರ ಸರ್ವೆ ನಂಬರು ವಿಚಾರಿಸಿ, ಪಾಲಿಕೆಗೋ ಪಂಚಾಯತಿಗೋ ಹೋಗಿ, ನಕ್ಷೆ ಬಂದಿದೆಯೇ ಎಂದು ಕೇಳಿ. ಒಬ್ಬರೇ ಹೋಗಲು ಹಿಂಜರಿಕೆಯಾದರೆ ನೆರೆಮನೆಯವರನ್ನೂ ಕರೆದುಕೊಂಡು ಹೋಗಿ.